ಸಣ್ಣ ಉರಿಯಲ್ಲಿ ಎಂಟು ಗಂಟೆ

ಫೆಬ್ರವರಿ 3

ಸುರಂಗ ಕೊರೆಯುವವರ ಕ್ಯಾಂಟೀನಿನ ಸೌಟಾಧಿಪತಿಗಳೂ, ಇನ್ನೂರು ಹೊಟ್ಟೆಗಳ ಏಕೈಕ ಪಾಲಕರೂ ಆದ ಸೋದರಮಾವನವರ ಸನ್ನಿಧಾನಕ್ಕೆ,

ತಮ್ಮ ಒಬ್ಬನೇ ಸೋದರಳಿಯನ ನಮಸ್ಕಾರಗಳು. ಒಬ್ಬನೇ ಆದ್ದರಿಂದ, ಇದು ಇನ್ಯಾರದೋ ಇರಬೇಕೆಂದು ಪತ್ರವನ್ನು ಒಲೆಗೆ ತುರುಕಲು ತಮಗೆ ಅವಕಾಶವಿಲ್ಲ. ಇಲ್ಲಿ ನಾನು ಕ್ಷೇಮ. ಅಮ್ಮ ಕ್ಷೇಮ. ಅಮ್ಮನ ಎಡಮಂಡಿ ಅಷ್ಟು ಕ್ಷೇಮವಿಲ್ಲ, ಆದರೆ ಅದಕ್ಕೆಂದೇ ಬೇರೆ ಪತ್ರ ಬರೆಯುವಷ್ಟು ಕೆಟ್ಟಿಲ್ಲ.

ತಮ್ಮ ವಿಳಾಸ ಕೊಟ್ಟವರು ಆಲೂಗಡ್ಡೆ ಲಾರಿಯ ಡ್ರೈವರ್. ಆ ಬೆಟ್ಟದ ಮೇಲೆ ಫೋನು ಸಿಗುವುದಿಲ್ಲ, ವಾರಕ್ಕೆರಡು ಸಲ ತರಕಾರಿಯ ಜೊತೆ ಟಪಾಲೂ ಹತ್ತುತ್ತದೆ ಎಂದು ಅವರೇ ಹೇಳಿದರು. ಮೂರು ವರ್ಷದಿಂದ ತಾವು ಮನೆಗೆ ಒಂದು ಸಾಲು ಬರೆಯದಿರುವುದಕ್ಕೆ ಇದೇ ಕಾರಣವೆಂದು ನಾನು ನಂಬಿದ್ದೇನೆ. ನಂಬದಿದ್ದರೆ ಈ ಪತ್ರ ಇಷ್ಟು ಮರ್ಯಾದೆಯಾಗಿ ಇರುತ್ತಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಅತ್ಯಂತ ವಿಷಾದದಿಂದ ತಿಳಿಸುವುದೇನೆಂದರೆ, ಆನೆ ಮಾರಾಟಕ್ಕಿದೆ.

ಹೌದು, ನಮ್ಮ ಆನೆಯೇ. ಈ ಎಂಟು ಮೇಜಿನ ಊಟದ ಮನೆಯನ್ನು ತಾವೂ ಅಮ್ಮನೂ ಸೇರಿ ತೆರೆದ ವರ್ಷ ಕೊಂಡ, ನಲವತ್ತು ಕಿಲೋ ಮಾಂಸ ನುಂಗುವ, ಇಬ್ಬರು ಎತ್ತಿದರೆ ನೋಡುತ್ತ ನಿಂತ ಮೂರನೆಯವನ ಸೊಂಟವೂ ಹಿಡಿದುಕೊಳ್ಳುವ ಆ ಕಬ್ಬಿಣದ ಪಾತ್ರೆ. ತಾವು ಹೋದ ಮೇಲೆ ಅದು ಒಲೆ ಹತ್ತಿಲ್ಲ. ಸದ್ಯಕ್ಕೆ ಅದರೊಳಗೆ ಒಂದು ಮುರಿದ ಫ್ಯಾನೂ ಒಂದು ಬೆಕ್ಕೂ ವಾಸವಾಗಿವೆ. ಅಮ್ಮ ಟೀ, ಬ್ರೆಡ್ಡು, ಮೊಟ್ಟೆ, ಸೂಪಿನಲ್ಲಿ ದಿನ ದೂಡುತ್ತಿದ್ದಾಳೆ. ಹಳೇ ಗಿರಾಕಿಗಳು ಈಗಲೂ ಮೂಗು ಅರಳಿಸಿಕೊಂಡು ಒಳಗೆ ಬರುತ್ತಾರೆ. "ಆ ಬೀಫ್ ಇಲ್ವಾ?" ಅನ್ನುತ್ತಾರೆ. "ಮಾಡೋನು ಇಲ್ಲ" ಅನ್ನುತ್ತಾಳೆ. ಮೂರು ವರ್ಷದಲ್ಲಿ ತಮ್ಮ ಬಗ್ಗೆ ಅವಳ ಬಾಯಿಂದ ಬಂದ ಮಾತು ಇಷ್ಟೇ.

ಮೇ ತಿಂಗಳ ಕೊನೇ ಶನಿವಾರ ಗುಜರಿಯವರು ಬಂದು ಆನೆಯನ್ನು ಒಯ್ಯುತ್ತಾರಂತೆ. ಅಷ್ಟರೊಳಗೆ ಒಂದೇ ಒಂದು ಸಲ ಅದರಲ್ಲಿ ಆ ಬೀಫ್ ಬೇಯಿಸಬೇಕೆಂಬುದು ನನ್ನ ಆಸೆ. ಮಾಂಸ ಆರಿಸುವ ವಿದ್ಯೆ ಅಮ್ಮನದು. ಸಾಸಿನ ವಿದ್ಯೆ ತಮ್ಮದು. ನನ್ನದು ಈರುಳ್ಳಿ ಹೆಚ್ಚುವ ವಿದ್ಯೆ ಮಾತ್ರ. ಆದ್ದರಿಂದ ಕೃಪೆಮಾಡಿ ಬಾರ್ಬೆಕ್ಯೂ ಸಾಸ್ ಮಾಡುವ ಕ್ರಮವನ್ನು ಸಾವಕಾಶವಾಗಿ, ಮಂದಬುದ್ಧಿಗೂ ತಿಳಿಯುವಂತೆ ಬರೆದು ಕಳಿಸುವುದು. ಅಮ್ಮನಿಗೆ ಈ ಪತ್ರದ ವಿಷಯ ಗೊತ್ತಿಲ್ಲ. ಗೊತ್ತಾದರೆ ಆನೆಯೊಂದಿಗೆ ನನ್ನನ್ನೂ ಗುಜರಿಗೆ ಹಾಕುತ್ತಾಳೆ.

ಇಂತಿ ತಮ್ಮ ವಿಧೇಯ ಅಳಿಯ,
ಹಗಲು ಮುದ್ರಣಾಲಯದಲ್ಲಿ ಮದುವೆ ಕಾರ್ಡು, ಸಾವಿನ ಕಾರ್ಡು ಜೋಡಿಸುವವನು, ಸಂಜೆ ಈರುಳ್ಳಿಗಾಗಿ ಅಳುವವನು


ಫೆಬ್ರವರಿ 13

ಲೋ ಕೋತಿ,

ನಿನ್ನ ಪತ್ರ ಬಂತು. ಓದೋಕೆ ಅರ್ಧ ಗಂಟೆ, ಏನು ಕೇಳಿದ್ದೀಯ ಅಂತ ಹುಡುಕೋಕೆ ಇನ್ನರ್ಧ ಗಂಟೆ ಹಿಡೀತು. ಸಾವಿನ ಕಾರ್ಡು ಜೋಡಿಸಿ ಜೋಡಿಸಿ ನಿನ್ನ ಭಾಷೆ ಕೆಟ್ಟಿದೆ. ಅಥವಾ ಮೊದಲಿಂದಲೂ ಹಾಗೇ ಇತ್ತೇನೋ.

ಆನೆ ಮಾರಿದರೆ ಮಾರಲಿ. ಕಬ್ಬಿಣ ತಾನೆ.

ನಾನಿಲ್ಲಿ ಬೀಫ್ ಮಾಡಲ್ಲ. ಅನ್ನ, ಬೇಳೆ, ಆಲೂಗಡ್ಡೆ. ಬಂಡೆ ಒಡೆದು ಬಂದವರಿಗೆ ಬಿಸಿಯಾಗಿದ್ದರೆ ಸಾಕು, ರುಚಿ ಯಾರೂ ಕೇಳಲ್ಲ. ನನಗೂ ಅದೇ ಬೇಕಿತ್ತು.

ಸಾಸ್ ಹೇಳ್ತೀನಿ. ಸಾಸ್ ಮಾತ್ರ. ಎರಡು ಕಿಲೋ ಮಾಂಸದ ಲೆಕ್ಕಕ್ಕೆ ಎರಡು ಕಿಲೋ ಹಣ್ಣು ಟೊಮೆಟೊ, ನಾಲ್ಕು ದಪ್ಪ ಈರುಳ್ಳಿ. ಎರಡನ್ನೂ ನೇರ ಕೆಂಡದ ಮೇಲಿಟ್ಟು ಸಿಪ್ಪೆ ಕಪ್ಪಾಗೋ ತನಕ ಸುಡು. ಹೊಗೆ ವಾಸನೆ ಅಲ್ಲಿಂದಲೇ ಬರಬೇಕು, ಅಂಗಡಿ ಬಾಟಲಿಯಿಂದ ಅಲ್ಲ. ಸಿಪ್ಪೆ ತೆಗೆದು ಅರೆ. ಎರಡು ಗಡ್ಡೆ ಬೆಳ್ಳುಳ್ಳಿ, ನೆನೆಸಿ ಅರೆದ ಒಣಮೆಣಸಿನಕಾಯಿ ಆರು, ಒಂದು ಚಮಚ ಸಾಸಿವೆ ಪುಡಿ, ಒಂದು ಚಮಚ ಕಾಳುಮೆಣಸು, ಒಂದು ಲೋಟ ವಿನೆಗರ್, ನಿನ್ನ ಮುಷ್ಟಿಯಷ್ಟು ಬೆಲ್ಲ. ಅರ್ಧ ಲೋಟ ಗಟ್ಟಿ ಕಾಫಿ ಡಿಕಾಕ್ಷನ್. ಕಾಫಿ ವಿಷಯ ಯಾರಿಗೂ ಹೇಳಬೇಡ, ನಿಮ್ಮಮ್ಮನಿಗೂ ಗೊತ್ತಿಲ್ಲ. ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸು. ಚಮಚದ ಬೆನ್ನ ಮೇಲೆ ಬೆರಳಲ್ಲಿ ಗೆರೆ ಎಳೆ. ಗೆರೆ ಮುಚ್ಚಿಕೊಳ್ಳದೆ ಹಾಗೇ ನಿಂತರೆ ಆಯ್ತು.

ಬೆಲ್ಲ ಇರೋದರಿಂದ ತಳ ಹಿಡಿಯುತ್ತೆ. ಉರಿ ಜಾಸ್ತಿ ಮಾಡಿದೆಯೋ ಕೆಟ್ಟೆ. ಕಹಿಯಾದ ಸಾಸನ್ನ ದೇವರೂ ಸರಿಮಾಡಲಾರ.

ಮಂಡಿಗೆ ಬಿಸಿನೀರಿನ ಚೀಲ ಇಡೋಕೆ ಹೇಳು. ನಾನು ಹೇಳಿದೆ ಅಂತ ಹೇಳಬೇಡ.

ಮಾಮ


ಫೆಬ್ರವರಿ 22

ಕೆಂಡ, ಕಾಫಿ ಮತ್ತು ಗುಟ್ಟುಗಳ ಒಡೆಯರಾದ ಮಾವನವರಿಗೆ,

ಸಾಸಿನ ಪ್ರಥಮ ಪ್ರಯೋಗದ ಅಧಿಕೃತ ವರದಿಯನ್ನು ಈ ಮೂಲಕ ಸಲ್ಲಿಸುತ್ತಿದ್ದೇನೆ.

ಟೊಮೆಟೊ ಸುಡುವಾಗ ಒಂದು ಸಿಡಿದು ನನ್ನ ಹುಬ್ಬಿಗೆ ತಗುಲಿತು. ಹುಬ್ಬು ಉಳಿದಿದೆ, ಅರ್ಧ. ವಿನೆಗರನ್ನು ತಾವು ಲೋಟದಲ್ಲಿ ಹೇಳಿದಿರಿ, ಯಾವ ಲೋಟವೆಂದು ಹೇಳಲಿಲ್ಲ. ನಾನು ನೀರು ಕುಡಿಯುವ ಲೋಟ ಹಿಡಿದೆ. ಅಡುಗೆಮನೆಗೆ ಬಂದ ಬೆಕ್ಕು ಒಮ್ಮೆ ಸೀನಿ, ಆನೆಯನ್ನು ಖಾಲಿ ಮಾಡಿ, ಎರಡು ದಿನ ಬೇರೆ ಕಡೆ ಉಳಿದುಕೊಂಡಿತ್ತು. ಎರಡನೇ ಪ್ರಯೋಗದಲ್ಲಿ ಟೀ ಲೋಟ ಹಿಡಿದೆ. ಗೆರೆ ನಿಂತಿತು ಮಾವನವರೇ! ನೇರವಾಗಿ, ಮುಚ್ಚಿಕೊಳ್ಳದೆ, ಪರೀಕ್ಷೆಯಲ್ಲಿ ನಕಲು ಸಿಗದ ಹುಡುಗನ ಹಾಗೆ ನಿಂತುಬಿಟ್ಟಿತು.

ಆಗ ಅಮ್ಮ ಬಂದಳು. ಬೆರಳು ಅದ್ದಿ ನೆಕ್ಕಿದಳು. ಸ್ವಲ್ಪ ಹೊತ್ತು ಗೋಡೆ ನೋಡಿದಳು. "ಬೆಲ್ಲ ಕಮ್ಮಿ" ಅಂದು ಹೋದಳು. ಯಾರು ಹೇಳಿಕೊಟ್ಟರು ಎಂದು ಕೇಳದೇ ಇದ್ದುದು ನನಗೆ ಬೈಗುಳಕ್ಕಿಂತ ಭಯವಾಯಿತು.

ಇನ್ನೊಂದು ಸಮಾಚಾರ. ಗುಜರಿಯವರಿಗಿಂತ ಒಳ್ಳೆ ಕೈಗೆ ಹೋಗಲಿ ಎಂದು ಅಮ್ಮ ಒಂದು ಚೀಟಿ ಅಚ್ಚುಹಾಕಿಸಲು ಹೇಳಿದ್ದಳು. ನಾನು ದಪ್ಪ ಅಕ್ಷರದಲ್ಲಿ "ಆನೆ ಮಾರಾಟಕ್ಕಿದೆ. ಸಾಧು ಸ್ವಭಾವ. ಒಳಗೆ ಬಂದು ನೋಡಬಹುದು" ಎಂದು ಅಚ್ಚುಹಾಕಿ ಬಾಗಿಲಿಗೆ ಅಂಟಿಸಿದೆ. ಮಧ್ಯಾಹ್ನದೊಳಗೆ ಹನ್ನೊಂದು ಮಕ್ಕಳು, ಒಬ್ಬ ನಿವೃತ್ತ ಶಿಕ್ಷಕರು ಮತ್ತು ಬಾಳೆಹಣ್ಣು ಹಿಡಿದ ಒಬ್ಬ ಅಜ್ಜಿ ಬಂದರು. ಯಾರೂ ಪಾತ್ರೆ ಕೊಳ್ಳಲಿಲ್ಲ, ಆದರೆ ಎಲ್ಲರೂ ಟೀ ಕುಡಿದರು. ಅಮ್ಮ ಅಜ್ಜಿಯ ಎದುರು ನಗು ತಡೆಯಲಾರದೆ ಒಳಗೆ ಓಡಿದಳು. ಮೂರು ವರ್ಷದ ಮೇಲೆ ಆ ಸದ್ದು ಕೇಳಿದೆ. ತಮಗೆ ತಿಳಿದಿರಲೆಂದು ಬರೆದೆ, ಅಷ್ಟೇ.

ಇನ್ನು ಮಾಂಸದ ಪಾಠ ಆಗಲಿ.

ಇಂತಿ, ಅರೆಹುಬ್ಬಿನ ಅಳಿಯ


ಮಾರ್ಚ್ 4

ಕೋತಿ,

ಅಕ್ಕ ಗೋಡೆ ನೋಡಿದಳು ಅಂದೆಯಲ್ಲ, ಯಾವ ಗೋಡೆ? ಕಪಾಟಿನ ಕಡೆಯದೋ, ನನ್ನ ಏಪ್ರನ್ ನೇತುಹಾಕ್ತಿದ್ದ ಮೊಳೆ ಕಡೆಯದೋ? ಸುಮ್ಮನೆ ಕೇಳಿದೆ.

ಮಾಂಸ. ಆನೆ ತಂಟೆಗೆ ಈಗಲೇ ಹೋಗಬೇಡ. ದಪ್ಪ ತಳದ ಚಿಕ್ಕ ಪಾತ್ರೆ, ಎರಡು ಕಿಲೋ. ಎದೆ ಭಾಗದ್ದೇ ಬೇಕು, ಕೊಬ್ಬಿನ ಪದರ ಇರಬೇಕು. ಹಿಂದಿನ ಸಂಜೆ ಉಪ್ಪು, ಕಾಳುಮೆಣಸು ಹಚ್ಚಿಡು. ಬೆಳಿಗ್ಗೆ ನೀರು ಒರೆಸು, ಒದ್ದೆ ಮಾಂಸ ಕೆಂಪಗಾಗಲ್ಲ. ಬಿಸಿ ಪಾತ್ರೇಲಿ ಎಲ್ಲ ಮಗ್ಗುಲೂ ಕೆಂಪಾಗೋ ತನಕ ತಿರುಗಿಸು, ಆಮೇಲೆ ಸಾಸಿನಲ್ಲಿ ಮೂರರಲ್ಲಿ ಎರಡು ಪಾಲು ಹಾಕು. ಒಂದು ಪಾಲು ಕೊನೆಗೆ ಇಟ್ಟುಕೋ. ಮುಚ್ಚಳ ಮುಚ್ಚಿ ಸುತ್ತ ಹಿಟ್ಟಿನ ಮುದ್ರೆ ಹಾಕು.

ಮುದ್ರೆ ಗೊತ್ತಲ್ಲ? ಹಿಟ್ಟು ಕಲಸಿ ಹಗ್ಗದ ಹಾಗೆ ಹೊಸೆದು ಮುಚ್ಚಳದ ಸಂದಿಗೆ ಮೆತ್ತೋದು. ಒಂದು ಎಳೆ ಹಬೆಯೂ ಆಚೆ ಹೋಗಬಾರದು. ಮತ್ತೆ ತಿನ್ನೋರ ಎದುರಿಗೇ ಒಡೀಬೇಕು, ಅದಕ್ಕೆ ಮುಂಚೆ ಇಣುಕೋ ಹಾಗಿಲ್ಲ. ಇಣುಕೋನು ಅಡುಗೆಯವನಲ್ಲ, ಕಳ್ಳ. ನನ್ನ ಗುರು ಹೇಳಿದ್ದು.

ಉರಿ ಎಷ್ಟಿರಬೇಕು ಅಂದರೆ, ಪಾತ್ರೆಗೆ ಕಿವಿ ಕೊಟ್ಟರೆ ಅದು ಗುಸುಗುಸು ಅನ್ನಬೇಕು. ಕೂಗಾಡಬಾರದು. ಸಣ್ಣ ಪಾತ್ರೆಗೆ ಐದು ಗಂಟೆ, ಆನೆಗಾದರೆ ಎಂಟು. ತಾಳಿದವನು ಬಾಳಿಯಾನು.

ಮಾಮ

ಹುಬ್ಬಿಗೆ ಬೆಣ್ಣೆ ಹಚ್ಚು.


ಮಾರ್ಚ್ 13

ಗುಸುಗುಸು ಶಾಸ್ತ್ರದ ಪರಮಾಚಾರ್ಯರಿಗೆ,

ಮೊಳೆ ಕಡೆಯ ಗೋಡೆ. ಏಪ್ರನ್ ಇನ್ನೂ ಅಲ್ಲೇ ಇದೆ. ನಾನೊಮ್ಮೆ ಕೈ ಒರೆಸಿಕೊಳ್ಳಲು ಹೋಗಿ ಏಟು ತಿಂದಿದ್ದೇನೆ.

ನಿನ್ನೆ ಭಾನುವಾರ, ಅಂಗಡಿಗೆ ರಜೆ, ಎರಡು ಕಿಲೋ ಮಾಂಸ ಐದು ಗಂಟೆ ಬೆಂದಿತು. ನಾನು ಪಾತ್ರೆಗೆ ಕಿವಿಯಿಟ್ಟು ಕೂತಿದ್ದೆ. ಪಕ್ಕದ ಮನೆಯ ದರ್ಜಿ ಕಿಟಕಿಯಿಂದ ನೋಡಿ, "ಪಾತ್ರೆ ಏನಂತೆ?" ಎಂದರು. "ನಿಮ್ಮ ಬಗ್ಗೇನೇ ಹೇಳ್ತಿದೆ" ಎಂದೆ. ಸಂಜೆ ಅವರ ಸಾಕ್ಷಿಯಲ್ಲೇ ಮುದ್ರೆ ಒಡೆದೆ.

ಮಾವನವರೇ, ತಮಾಷೆ ಬದಿಗಿಟ್ಟು ಹೇಳುತ್ತೇನೆ. ಚಮಚ ಮುಟ್ಟಿದರೆ ಸಾಕು, ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಮೊದಲು ಸಿಹಿ, ಆಮೇಲೆ ಹುಳಿ, ನುಂಗಿದ ಮೇಲೆ ಗಂಟಲಲ್ಲಿ ಹೊಗೆ. ದರ್ಜಿ ಮಾತಾಡಲಿಲ್ಲ. ಅವರು ಮಾತಾಡದೇ ಇದ್ದುದನ್ನು ನಮ್ಮ ಬೀದಿ ಇದುವರೆಗೆ ಕಂಡಿರಲಿಲ್ಲ. ಅಮ್ಮ ತಟ್ಟೆ ಮುಗಿಸಿದಳು, ತೊಳೆದಳು, ಮಹಡಿಗೆ ಹೋದಳು.

ಒಂದು ಅನುಮಾನ ಮಾತ್ರ ಉಳಿಯಿತು. ಮೂರು ವರ್ಷದ ಹಿಂದೆ, ನೂಲಿನ ಗಿರಣಿಯ ಮೇಲ್ವಿಚಾರಕರ ನಿವೃತ್ತಿ ಊಟಕ್ಕೆ ಆನೆ ತುಂಬ ಬೇಯಿಸಿದ್ದೆವಲ್ಲ, ಅವತ್ತು ಮುದ್ರೆ ಒಡೆದರೆ ಮಾಂಸ ಚಪ್ಪಲಿಯಾಗಿತ್ತು, ಸಾಸು ಕಹಿಯಾಗಿತ್ತು. ಮೇಲ್ವಿಚಾರಕರು ಒಂದೇ ತುಂಡನ್ನು ವಂದನಾರ್ಪಣೆ ಮುಗಿಯುವವರೆಗೂ ಅಗಿಯುತ್ತಿದ್ದರು. ಆಗ ತಾವು ನೂರಿಪ್ಪತ್ತು ಜನರ ಎದುರಿಗೆ, "ನಮ್ಮಕ್ಕ ತಂದಿದ್ದು ಮುದಿ ಎತ್ತಿನ ಮಾಂಸ, ಅದರ ಕೊಬ್ಬೇ ಕಹಿ, ನಾನೇನು ಮಾಡಲಿ" ಎಂದಿರಿ. ಅಮ್ಮ ಅಲ್ಲೇ ತಟ್ಟೆ ಹಿಡಿದು ನಿಂತಿದ್ದಳು. ಮೂರನೇ ದಿನ ತಾವು ಪೆಟ್ಟಿಗೆ ಕಟ್ಟಿದಿರಿ.

ಈ ಸಲ ನಾನು ಅದೇ ಅಂಗಡಿಗೆ ಹೋಗಿದ್ದೆ. ಅದೇ ಕಟುಕರು. "ನಿಮ್ಮಮ್ಮ ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ನನ್ನತ್ರ ಮುದಿ ಮಾಂಸ ತಗೊಂಡಿಲ್ಲ ಕಣಪ್ಪ. ನಾನು ಕೊಡೋಕೆ ನೋಡಿದ್ದೀನಿ, ಅವರು ತಗೊಂಡಿಲ್ಲ" ಎಂದರು. ಹಾಗಾದರೆ ಅವತ್ತು ಆಗಿದ್ದೇನು?

ಸುಮ್ಮನೆ ಕೇಳಿದೆ.

ಇಂತಿ, ಚಮಚಪಾಣಿ ಅಳಿಯ


ಮಾರ್ಚ್ 22

ಮಗನೇ,

ಸುಮ್ಮನೆ ಕೇಳಿದೆ ಅನ್ನೋದು ನನ್ನ ಮಾತು. ಅದನ್ನ ನನಗೇ ತಿರುಗಿಸಿದೆ.

ನಿನ್ನ ಪತ್ರ ಜೇಬಲ್ಲಿಟ್ಟುಕೊಂಡು ಮೂರು ದಿನ ಓಡಾಡಿದೆ. ಬೇಳೆ ಎರಡು ಸಲ ಉಕ್ಕಿತು. ಹೇಳಿಬಿಡ್ತೀನಿ, ನಿನ್ನ ಹೊಟ್ಟೇಲಿ ಇಟ್ಟುಕೋ.

ಮಾಂಸ ಚೆನ್ನಾಗೇ ಇತ್ತು. ನನ್ನ ಕೈಯಾರೆ ಹೆಚ್ಚಿದ್ದೆ, ನನಗೆ ಗೊತ್ತಿಲ್ವಾ? ಅವತ್ತು ನಾನು ಮಲಗಿಬಿಟ್ಟೆ. ಮುಂಚಿನ ರಾತ್ರಿ ಎಲ್ಲ ತುಂಬಿ ಮುದ್ರೆ ಹಾಕಿ, ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಬೇಕು ಅಂತ ಅಂಗಡಿ ಬೆಂಚಿನ ಮೇಲೇ ಒರಗಿದ್ದೆ. ನಿನಗೆ ಗೊತ್ತಲ್ಲ, ನನಗೆ ಯಾರೂ ಎಬ್ಬಿಸೋದು ಬೇಡ, ಗಡಿಯಾರವೇ ನನ್ನ ನೋಡ್ಕೊಂಡು ನಡೆಯುತ್ತೆ ಅಂತಿದ್ದೆ. ಅವತ್ತು ಎದ್ದು ಅಡುಗೆಮನೆಗೆ ಹೋಗಿ ನೋಡ್ತೀನಿ, ಆರು ಗಂಟೆ. ಆರು! ಹನ್ನೆರಡಕ್ಕೆ ಆನೆ ಒಯ್ಯೋಕೆ ಗಿರಣಿ ಗಾಡಿ ಬರುತ್ತೆ, ಎಂಟು ಗಂಟೆ ಬೇಯಬೇಕಾದ್ದಕ್ಕೆ ಆರೇ ಗಂಟೆ.

ಉರಿ ಜೋರು ಮಾಡಿದೆ. ಪೂರ್ತಿ ತಿರುಗಿಸಿದೆ ಕಣೋ. ಮೂವತ್ತು ವರ್ಷ ಯಾರು ಉರಿ ಮುಟ್ಟಿದರೂ ಕೈ ಮೇಲೆ ಹೊಡೆದವನು ನಾನೇ ಕೂಗಾಡಿಸಿದೆ. ಮುದ್ರೆ ಒಡೆದು ನೋಡೋಣ ಅಂತ ಎರಡು ಸಲ ಅನ್ನಿಸ್ತು, ಮಾನ ಬಿಡಲಿಲ್ಲ. ಅವತ್ತು ಹೊತ್ತೇ ಹೋಗ್ತಿರಲಿಲ್ಲ, ಎಷ್ಟು ಸಲ ನೋಡಿದರೂ ಗಡಿಯಾರ ಅಲ್ಲೇ ನಿಂತ ಹಾಗೆ. ಹೆದರಿದವನಿಗೆ ಹೊತ್ತು ಹಾಗೇ ಇರಬೇಕು.

ಆಮೇಲೆ ನೂರಿಪ್ಪತ್ತು ಜನ ನನ್ನ ಮುಖ ನೋಡಿದಾಗ, ಅಡುಗೆಯವನು ನಿದ್ದೆ ಮಾಡಿದ ಅಂತ ಹೇಳೋಕೆ ನಾಲಿಗೆ ಬರಲಿಲ್ಲ. ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕೋತಿ ನಾನು. ನಿನ್ನ ಕೋತಿ ಅಂತೀನಿ, ನೋಡು.

ಅಲ್ಲಿಂದ ನಾನು ಈ ಕೈ ನಂಬಲ್ಲ. ವಯಸ್ಸಾಯ್ತು, ಅಂದಾಜು ತಪ್ಪಿತು. ಆಲೂಗಡ್ಡೆಗೆ ಈ ಕೈ ಸಾಕು. ಅಕ್ಕನಿಗೆ ಹೇಳಬೇಡ. ಹೇಳಬೇಕಾದವನು ನಾನು, ನನ್ನ ಕೈಲಾಗಲ್ಲ.

ಮಾಮ


ಏಪ್ರಿಲ್ 10

ಮಗನೇ,

ಲಾರಿ ಐದು ಸಲ ಬಂತು, ನಿನ್ನ ಪತ್ರ ಇಲ್ಲ. ಡ್ರೈವರ್ ನಿನ್ನ ನೋಡಿದನಂತೆ, ಕೈಕಾಲು ನೆಟ್ಟಗಿದೆ ಅಂದ. ಹಾಗಾದರೆ ಹೇಸಿಗೆ ಆಗಿರಬೇಕು ನಿನಗೆ. ಇಷ್ಟು ದಿನ ನೀನು ಮಾವ ಅಂದರೆ ಏನೋ ಅಂದುಕೊಂಡಿದ್ದೆ, ಕೊನೆಗೆ ಅಕ್ಕನ ತಲೆಗೆ ಕಟ್ಟಿ ಓಡಿಹೋದವನು. ನೀನು ಹಾಗಂದುಕೊಂಡರೆ ತಪ್ಪಿಲ್ಲ.

ಇನ್ನು ಬರೆಯದಿದ್ದರೂ ಪರವಾಗಿಲ್ಲ. ಕೊನೆಗೆ ಉಳಿಸಿದ ಸಾಸನ್ನ ಮುದ್ರೆ ಒಡೆದ ಮೇಲೆ ಬಿಸಿ ಮಾಡಿ ಮೇಲೆ ಹಾಕಬೇಕು ಅಂತ ಹೇಳೋಕೆ ಮರೆತಿದ್ದೆ.

ಮಾಮ


ಏಪ್ರಿಲ್ 16

ಮಾಮ,

ಹೇಸಿಗೆ ಅಲ್ಲ. ಏಳು ಪತ್ರ ಬರೆದು ಹರಿದೆ. ಎಲ್ಲದರಲ್ಲೂ "ಸನ್ನಿಧಾನಕ್ಕೆ" ಅಂತ ಶುರುವಾಗುತ್ತಿತ್ತು, ಎರಡನೇ ಸಾಲಿಗೆ ಪೆನ್ನು ನಿಲ್ಲುತ್ತಿತ್ತು.

ನೀನು ಅವತ್ತು ಹೊತ್ತು ಮೀರಿ ಮಲಗಿರಲಿಲ್ಲ. ಯಾವತ್ತಿನ ಹಾಗೆ ನಾಲ್ಕಕ್ಕೇ ಎದ್ದಿದ್ದೆ.

ಗಡಿಯಾರವನ್ನು ನಾನು ಎರಡು ಗಂಟೆ ಮುಂದಕ್ಕೆ ತಿರುಗಿಸಿದ್ದೆ.

ಆಗ ನನಗೆ ಹದಿನೇಳು. ಗಡಿಯಾರ ನನ್ನ ನೋಡ್ಕೊಂಡು ನಡೆಯುತ್ತೆ ಅಂತ ನೀನು ದಿನಾ ಹೇಳುತ್ತಿದ್ದೆ. ಒಂದು ದಿನ ಅದು ನಿನ್ನ ಮಾತು ಕೇಳದಿದ್ದರೆ ಹೇಗಿರುತ್ತದೆ ನೋಡೋಣ ಅಂತ. ಅಷ್ಟೇ. ಅಡುಗೆಮನೆಗೆ ಕಿಟಕಿ ಇಲ್ಲ, ಅಂಗಡಿಯ ಶಟರ್ ಹಾಕಿತ್ತು, ನಿನ್ನ ಫೋನು ಮಹಡಿಯಲ್ಲಿ ಚಾರ್ಜಿಗಿತ್ತು. ನಾನು ಈರುಳ್ಳಿ ಮೂಟೆಯ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದೆ. ನೀನು ಗಡಿಯಾರ ನೋಡಿ "ಅಯ್ಯೋ" ಅನ್ನುತ್ತೀಯ, ನಾನು ಎದ್ದು ಒಂದು ಘೋಷಣೆ ಓದುತ್ತೇನೆ, ನೀನು ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತೀಯ. ಘೋಷಣೆಯನ್ನು ಅಚ್ಚುಹಾಕಿ ತಂದಿದ್ದೆ ಕೂಡ.

ನೀನು "ಅಯ್ಯೋ" ಅನ್ನಲಿಲ್ಲ. ಗೋಡೆ ಹಿಡಿದುಕೊಂಡೆ. ಆ ಮುಖ ನೋಡಿ ನನಗೆ ಏಳಲು ಆಗಲಿಲ್ಲ. ಆಮೇಲೆ ನೀನು ಒಲೆಯ ಹತ್ತಿರ ಬಗ್ಗಿದೆ. ಹಚ್ಚುತ್ತಿದ್ದೀಯ ಅಂದುಕೊಂಡೆ, ಉರಿ ಎಷ್ಟಿಟ್ಟೆ ಅಂತ ನೋಡಲಿಲ್ಲ. ನೀನು ಆಚೆ ಹೋದಾಗಲೆಲ್ಲ ಮುಳ್ಳನ್ನು ಇಪ್ಪತ್ತಿಪ್ಪತ್ತು ನಿಮಿಷ ಹಿಂದಕ್ಕೆ ಸರಿಸಿದೆ. ತಟ್ಟೆ ತರಲು ಹೋದಾಗ ಒಂದು ಸಲ, ಸ್ನಾನಕ್ಕೆ ಹೋದಾಗ ಒಂದು ಸಲ. ಗಾಡಿ ಬರುವಷ್ಟರಲ್ಲಿ ಎರಡು ಗಂಟೆಯನ್ನೂ ವಾಪಸು ಕೊಟ್ಟಿದ್ದೆ. ಗಡಿಯಾರ ನಿಂತ ಹಾಗಿತ್ತು ಅಂದೆಯಲ್ಲ, ಅದು ಹೆದರಿಕೆ ಅಲ್ಲ ಮಾಮ. ಅದು ನಾನು.

ಆನೆಗೆ ಸರಿಯಾಗಿ ಎಂಟು ಗಂಟೆ ಸಿಕ್ಕಿತ್ತು, ಆದ್ದರಿಂದ ನನ್ನ ತಪ್ಪೇನೂ ಇಲ್ಲ ಅಂತ ಮೂರು ವರ್ಷ ಅಂದುಕೊಂಡಿದ್ದೆ. ನಿನ್ನ ಪತ್ರ ಓದುವವರೆಗೂ. ಉರಿ ಪೂರ್ತಿ ತಿರುಗಿಸಿದೆ ಅಂತ ಓದಿದಾಗ ಮುದ್ರಣಾಲಯದಲ್ಲಿದ್ದೆ, ಒಂದು ಸಾವಿನ ಕಾರ್ಡಿನಲ್ಲಿ ತೀರಿಕೊಂಡವರ ಹೆಸರಿನ ಜಾಗಕ್ಕೆ ಕಾರ್ಡು ಮಾಡಿಸಿದವರ ಹೆಸರು ಹಾಕಿಬಿಟ್ಟೆ. ಅವರೇ ಬಂದು ಬೈದರು. ಅದೂ ನಗು ತರಲಿಲ್ಲ.

ನಿನ್ನ ಕೈ ಏನೂ ಆಗಿಲ್ಲ. ನಿನ್ನ ಅಂದಾಜು ಒಂದು ನಿಮಿಷವೂ ತಪ್ಪಿರಲಿಲ್ಲ. ಇದನ್ನು ಮೊದಲು ನಿನಗೆ ಹೇಳಬೇಕಿತ್ತು, ಆಮೇಲೆ ಅಮ್ಮನಿಗೆ. ನಾಳೆಯೋ ನಾಡಿದ್ದೋ ಹೇಳುತ್ತೇನೆ. ಮಾಡಿದ್ದುಣ್ಣೋ ಮಹರಾಯ.

ನಿನ್ನ ಅಳಿಯ


ಮೇ 8

ಮಾಮ,

ಮೂರು ವಾರ ಆಯಿತು, ಉತ್ತರವಿಲ್ಲ. ನಿನಗೆ ಸಿಟ್ಟು ಬಂದಿರುವುದು ಸರಿಯೇ. ನಾನು ಪ್ರತಿ ಲಾರಿಗೂ ಮುದ್ರಣಾಲಯದಿಂದ ಹೊರಗೆ ಓಡಿ ಡ್ರೈವರನ್ನು ನೋಡುತ್ತೇನೆ, ಅವರು ತಲೆ ಅಲ್ಲಾಡಿಸುತ್ತಾರೆ. ಬೇಡ ಅಂದರೆ ಇನ್ನು ಬರೆಯುವುದಿಲ್ಲ.

ನಾಳೆ ನಾಡಿದ್ದು ಅಂತ ಮುಂದೂಡಿ, ನಿನ್ನೆ ಅಮ್ಮನಿಗೆ ಹೇಳಿದೆ. ನಿನ್ನ ಪತ್ರಗಳನ್ನೂ ಕೊಟ್ಟೆ. ನೀನು ಹೇಳಬೇಡ ಅಂದಿದ್ದೆ, ಆದರೆ ನನ್ನ ಅರ್ಧವನ್ನಷ್ಟೇ ಹೇಳಿದರೆ ಅದೂ ಇನ್ನೊಂದು ಸುಳ್ಳಾಗುತ್ತಿತ್ತು. ಅವಳು ಎಲ್ಲ ಓದಿ ಮುಗಿಸುವವರೆಗೂ ನಿಂತೇ ಇದ್ದೆ. ಕಾಫಿ ಅಂತ ಇರುವ ಕಡೆ ಮಾತ್ರ "ಓಹೋ" ಅಂದಳು. ಆಮೇಲೆ ಸೌಟಿನಲ್ಲಿ ಒಂದು ಬಿಟ್ಟಳು. ಒಂದೇ. ಇನ್ನೂ ಬೀಳುತ್ತದೆ ಅಂತ ಕಾದೆ.

"ಕಾಗದ ಕೊಡು" ಅಂದಳು.

ಜೊತೆಯಲ್ಲಿದೆ. ನಾನು ಓದಿಲ್ಲ.


ಮೇ 8

ಲೋ,

ಬರೆಯೋಕೆ ನನಗೆ ಬರಲ್ಲ, ಇವನ ಹಾಗೆ ಸುತ್ತಿ ಬಳಸೋಕಂತೂ ಬರಲ್ಲ.

ಅವತ್ತು ಆನೆ ತಿಕ್ಕಿದವಳು ನಾನು. ಎರಡು ದಿನ ತಿಕ್ಕಿದೆ, ಉಗುರು ಕಿತ್ತು ಬಂತು. ತಳದಲ್ಲಿ ಬೆರಳು ದಪ್ಪ ಬೆಲ್ಲ ಇದ್ದಿಲಾಗಿ ಕೂತಿತ್ತು. ಪಾತ್ರೆ ತಿಕ್ಕೋಳಿಗೆ ಉರಿ ಎಷ್ಟಿತ್ತು ಅಂತ ಯಾರೂ ಹೇಳಬೇಕಾಗಿಲ್ಲ. ನೀನು ಉರಿ ಜೋರು ಮಾಡಿದ್ದು ನನಗೆ ಅವತ್ತೇ ಗೊತ್ತು. ಯಾಕೆ ಅಂತ ಗೊತ್ತಿರಲಿಲ್ಲ, ಈಗ ಗೊತ್ತಾಯ್ತು.

ಮೂರನೇ ದಿನ ನೀನು ಪೆಟ್ಟಿಗೆ ಕಟ್ಟುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಹೇಳ್ತಾನೆ ಅಂತ ನಿಂತಿದ್ದೆ. ನೀನು ನನ್ನ ಪಕ್ಕದಲ್ಲೇ ನುಸುಳಿ ಹೋದೆ. ಅಡುಗೆ ಕೆಡೋದು ಎಲ್ಲರಿಗೂ ಕೆಡುತ್ತೆ ಕಣೋ. ನಾನು ಆರಿಸಿ ತಂದ ಮಾಂಸವನ್ನ ನೂರಿಪ್ಪತ್ತು ಜನರೆದುರು ಮುದಿ ಅಂದೆಯಲ್ಲ. ಆ ಮಾತು ಇನ್ನೂ ಗಂಟಲಲ್ಲಿದೆ, ಆ ಮೇಲ್ವಿಚಾರಕರ ತುಂಡಿನ ಹಾಗೆ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.

ಈ ಹುಡುಗನ ಮೇಲೆ ಸಿಟ್ಟು ಮಾಡ್ಕೋಬೇಡ. ಅವನನ್ನ ನಾನು ನೋಡ್ಕೋತೀನಿ, ಸೌಟು ಇಲ್ಲೇ ಇದೆ.

ಗುಜರಿಯವನು ಈ ತಿಂಗಳ ಕೊನೇ ಶನಿವಾರ ಹತ್ತು ಗಂಟೆಗೆ ಬರ್ತಾನೆ. ಅವನಿಗಿಂತ ಮುಂಚೆ ಬಂದರೆ ಆನೆ ನಿಂದು. ಇಲ್ಲಾಂದ್ರೆ ಅವನದು. ಮಂಡಿಗೆ ಬಿಸಿನೀರು ಇಟ್ಕೋತಿದ್ದೀನಿ. ಅವನು ಮೊದಲ ಸಲ ಹೇಳಿದಾಗಲೇ ಅದು ಯಾರ ಮಾತು ಅಂತ ಗೊತ್ತಾಯ್ತು.

ಅಕ್ಕ


ಮೇ 17

ಅಕ್ಕ,

ನಿನ್ನ ಪತ್ರ ನಿಂತುಕೊಂಡೇ ಓದಿದೆ.

ಹುಡುಗ ನನ್ನ ಮೌನ ನೋಡಿ ಹೆದರಿದ್ದಾನೆ. ಅವನ ಪತ್ರ ಬಂದ ದಿನ ನಾಲ್ಕು ದಿಕ್ಕಿಗೂ ಕೇಳೋ ಹಾಗೆ ಬೈದೆ ನಿಜ, ಸುರಂಗದ ಒಳಗಿದ್ದವರೂ ಆಚೆ ಬಂದು ನೋಡಿದರು. ಮಾರನೇ ದಿನ ಗಡಿಯಾರ ನೋಡದೆ ಎದ್ದೆ. ಆಮೇಲೆ ನೋಡಿದೆ. ನಾಲ್ಕು. ಅದರ ಮಾರನೇ ದಿನವೂ ನಾಲ್ಕು. ಲಾರಿಯವನಿಗೆ ಹೇಳಿ ಮಾಂಸ ತರಿಸಿದೆ. ಇಲ್ಲಿ ಸರಿಯಾದ ಪಾತ್ರೆ ಇಲ್ಲ, ಸಿಮೆಂಟು ಕಲಸೋರ ಹತ್ತಿರ ಬೇಡಿ ಒಂದು ದಪ್ಪ ತಗಡು ತಂದು ತಳಕ್ಕಿಟ್ಟೆ. ಮೊದಲ ಸಲ ಗಟ್ಟಿಯಾಯ್ತು. ಎರಡನೇ ಸಲ ಉಪ್ಪು ಕಮ್ಮಿ. ಮೂರನೇ ಸಲ ಮುದ್ರೆ ಒಡೆದಾಗ ಇನ್ನೂರು ಜನವೂ ತಿಂದು, ಮತ್ತೆ ತಟ್ಟೆ ಹಿಡಿದು ಸಾಲು ನಿಂತರು. ಅದಾದ ಮೇಲೆ ಬರೆಯೋಣ ಅಂತ ಇದ್ದೆ. ಅಷ್ಟರಲ್ಲಿ ನಿನ್ನದು ಬಂತು.

ಗಡಿಯಾರ ತಿರುಗಿಸಿದ್ದು ಅವನು. ಬಾಯಿ ನಂದು. ನಮ್ಮಕ್ಕ ತಂದಿದ್ದು ಮುದಿ ಮಾಂಸ ಅನ್ನು ಅಂತ ಗಡಿಯಾರ ನನಗೆ ಹೇಳಿರಲಿಲ್ಲ. ನೀನು ಬಾಗಿಲಲ್ಲಿ ನಿಂತಿದ್ದು ನೋಡಿದ್ದೆ ಅಕ್ಕ. ಅದಕ್ಕೇ ನುಸುಳಿ ಹೋದೆ.

ಕೊನೇ ಶನಿವಾರ ಆಲೂಗಡ್ಡೆ ಲಾರೀಲಿ ಬರ್ತೀನಿ, ಒಂಬತ್ತಕ್ಕೆ ತಲುಪುತ್ತೆ. ಮೂವತ್ತು ಕಿಲೋ ತರಿಸು, ಆರಿಸೋದು ನೀನೇ. ಗಿರಣಿಯ ಮೇಲ್ವಿಚಾರಕರಿಗೂ ಹೇಳಿಕಳಿಸು. ಹಲ್ಲಿಗೆ ನಾನು ಜವಾಬ್ದಾರಿ ಅಂತ ಹೇಳು. ಅವತ್ತು ಬಂದವರು ಎಷ್ಟು ಜನ ಸಿಗ್ತಾರೋ ಅಷ್ಟು ಜನ ಬರಲಿ. ಆ ಮಾತು ಆಡಿದ್ದು ಅವರ ಎದುರಿಗೆ, ವಾಪಸು ತಗೊಳ್ಳೋದೂ ಅವರ ಎದುರಿಗೇ. ಮುದ್ರೆ ಈ ಸಲ ನಾನು ಒಡೆಯಲ್ಲ. ನೀನು ಒಡಿ.

ಗುಜರಿಯವನು ಬಂದರೆ ಅವನಿಗೂ ಒಂದು ತಟ್ಟೆ ಇಡು, ಪಾಪ.

ಇನ್ನು ಪಕ್ಕದಲ್ಲಿ ನಿಂತು ಇಣುಕುತ್ತಿರೋ ಆ ಕೋತಿಗೆ ಇದನ್ನ ಓದಿ ಹೇಳು. ಶುಕ್ರವಾರ ಸಂಜೆ ಮಾಂಸಕ್ಕೆ ಉಪ್ಪು ಹಚ್ಚಬೇಕು. ಸಾಸು ಅವನದೇ, ಬೆಲ್ಲ ನೀನು ಹೇಳಿದಷ್ಟು. ಬೆಕ್ಕನ್ನ ಆನೆಯಿಂದ ಮರ್ಯಾದೆಯಾಗಿ ಇಳಿಸಬೇಕು. ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚೋನು ಅವನು, ನಾನು ಬರೋ ತನಕ ಪಾತ್ರೆಗೆ ಕಿವಿ ಕೊಟ್ಟು ಕೂರೋನೂ ಅವನೇ. ಗುಸುಗುಸು. ಅಷ್ಟೇ.

ಗಡಿಯಾರವನ್ನ ಇವತ್ತೇ ಗೋಡೆಯಿಂದ ಇಳಿಸಿ ನಿನ್ನ ದಿಂಬಿನ ಕೆಳಗೆ ಇಟ್ಟುಕೋ.

ಏಪ್ರನ್ ಒಗೆದಿಡು ಅಕ್ಕ.

ನಿನ್ನ ತಮ್ಮ